ಕೊನೆಯಲ್ಲಿ ಬಾಗಿಲು ದಾಟಿದವರು

ಸಿದ್ದಲಿಂಗಯ್ಯ ಸರ್ ನೆನಪಿಗಾಗಿ ಸೇರಿರುವ ಎಲ್ಲರಿಗೂ ನಮಸ್ಕಾರ. ಸರ್ ಮಡದಿ ಇಂದಿರಾ ಆಂಟಿ, ಮಗ ವಿಕ್ರಮ್, ಲಾಂಗ್ ಬೀಚಿನಿಂದ ಬೆಳಗ್ಗೆಯೇ ಡ್ರೈವ್ ಮಾಡಿಕೊಂಡು ಬಂದಿರುವ ತಾಜ್ ಬೇಗಂ ಅವರೇ, ಅವರ ಮೊಮ್ಮಗಳು ನಿದಾ, ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚಿನ ಈ ಹಾಲಿನಲ್ಲಿ ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ನಮ್ಮ ಕನ್ನಡ ಕೂಟದ ಬಂಧುಗಳೇ —

ನಾನು ಕುಮುದಾ. ಸಿದ್ದಲಿಂಗಯ್ಯ ಸರ್ ಜೊತೆ ಒಂದೇ ಟೆಲಿಕಾಂ ಆಫೀಸಿನಲ್ಲಿ ಕೆಲಸ ಮಾಡಿದವಳು. ಅವರ ನಂತರ ಈ ಕೂಟಕ್ಕೆ ಅಧ್ಯಕ್ಷಳಾದವಳು. ಅಳಕೂಡದು ಅಂತ ಆಂಟಿ ಮೊದಲೇ ಹೇಳಿದ್ದಾರೆ. ಅತ್ತರೆ ಮೈಕನ್ನು ನಮ್ಮ ಉಪಾಧ್ಯಕ್ಷ ಅರವಿಂದನ ಕೈಗೆ ಕೊಡಬೇಕಂತೆ. ಅರವಿಂದ ಮೈಕ್ ಹಿಡಿದರೆ ಏನಾಗುತ್ತೆ ಅಂತ ನಿಮಗೆಲ್ಲ ಗೊತ್ತು. ಹಾಗಾಗಿ ನಾನು ಅಳುವುದಿಲ್ಲ.

ಗದಗಿನ ನಮ್ಮ ಸರ್‌ಗೆ ಜಾರ್ಜ್ ವಾಷಿಂಗ್ಟನ್ ಹುಚ್ಚು ಹಿಡಿದದ್ದು ಯಾವಾಗ? ಕೋವಿಡ್ ಕಾಲದಲ್ಲಿ. ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ತಯಾರಾಗುತ್ತಿದ್ದ ನಮ್ಮ ಹಿರಿಯರಿಗೆ ಶನಿವಾರ ಶನಿವಾರ ಝೂಮ್‌ನಲ್ಲಿ ಕನ್ನಡದಲ್ಲೇ ಪಾಠ ಮಾಡುತ್ತಿದ್ದರಲ್ಲ — ಆವಾಗ. ಅಮೆರಿಕದ ಮೊದಲ ಅಧ್ಯಕ್ಷ ಯಾರು? ವಾಷಿಂಗ್ಟನ್. ಮುಂದಿನ ಪ್ರಶ್ನೆ. ಬೇರೆ ಯಾರಾದರೂ ಅಷ್ಟಕ್ಕೇ ಮುಗಿಸುತ್ತಿದ್ದರು. ಸರ್ ಮುಗಿಸಲಿಲ್ಲ. ತನಗೆ ಹೆಸರೊಂದೇ ಸಾಕು, ಕಥೆ ಬೇಡ ಅಂತ ತಾಜ್ ಬೇಗಂ ಅವರು ಬೇಡಿಕೊಂಡರೂ ಕೇಳಲಿಲ್ಲ. ಹೌದೋ ಅಲ್ಲವೋ? — ನೋಡಿ, ನಗುತ್ತಿದ್ದಾರೆ.

ಕಥೆ ಶುರುವಾಗುತ್ತಿದ್ದದ್ದು ಜಮೀನು ಅಳೆಯುವ ಹುಡುಗನಿಂದ. ಕಾಡುಮೇಡು ಸುತ್ತಿ ಸರ್ವೆ ಮಾಡುತ್ತಿದ್ದ ಹುಡುಗ. ಆಮೇಲೆ ಸೈನ್ಯ, ಸೋಲು, ಮತ್ತೆ ಸೋಲು, ಚಳಿಯಲ್ಲಿ ಬೂಟಿಲ್ಲದ ಸೈನಿಕರು. ಕೊನೆಗೆ ಗೆಲುವು. ಇಲ್ಲಿಗೆ ಬಂದಾಗ ಸರ್ ಕನ್ನಡಕ ತೆಗೆದು, ಕ್ಯಾಮೆರಾಗೆ ಮುಖ ಹತ್ತಿರ ತರುತ್ತಿದ್ದರು. ಯುದ್ಧ ಗೆದ್ದ ಸೇನಾಪತಿ, ಸೈನ್ಯ ಅವನ ಕೈಯಲ್ಲಿದೆ, ಬೇಕಿದ್ದರೆ ರಾಜನೇ ಆಗಬಹುದಿತ್ತು — ಏನು ಮಾಡಿದ? ಅಧಿಕಾರ ಒಪ್ಪಿಸಿ, ಕ್ರಿಸ್‌ಮಸ್ ಹೊತ್ತಿಗೆ ಹೊಲಕ್ಕೆ ವಾಪಸ್ ಹೋದ. ಮತ್ತೆ ಕರೆದರು, ಬಂದ. ದೇಶಕ್ಕೆ ಮೊದಲ ಅಧ್ಯಕ್ಷನಾದ. ಎರಡು ಅವಧಿ ನಡೆಸಿದ. ಮೂರನೆಯದಕ್ಕೆ ಯಾವ ಕಾನೂನೂ ಅಡ್ಡ ಇರಲಿಲ್ಲ. ಸಾಕು ಅಂದ. ಸರ್‌ಗೆ ಆ 'ಸಾಕು' ಅನ್ನೋದೇ ಇಡೀ ಪಾಠ.

ಒಂದು ದಿನ ಅಜ್ಜಿಯ ಪಕ್ಕ ಕೂತಿದ್ದ ನಿದಾ ಇಂಗ್ಲಿಷಿನಲ್ಲಿ ಕೇಳಿದಳು, ಅವನ ಹೊಲದಲ್ಲಿ ದುಡಿದವರು ಗುಲಾಮರಲ್ಲವಾ, ಅದನ್ನು ಯಾಕೆ ಹೇಳುವುದಿಲ್ಲ ಅಂತ. ನಮ್ಮಲ್ಲಿ ಕೆಲವರಿಗೆ ಇರುಸುಮುರುಸಾಯಿತು, ದೊಡ್ಡವರ ಮುಂದೆ ಹುಡುಗಿ ಹೀಗೆ ಮಾತಾಡುವುದಾ ಅಂತ. ಸರ್ ಮಾತ್ರ ಮುಂದಿನ ಶನಿವಾರ ಪೂರ್ತಿ ಕ್ಲಾಸ್ ಅದಕ್ಕೇ ಇಟ್ಟರು. ಕೊನೆಗೆ ಅವರು ಹೇಳಿದ್ದು ನನಗೆ ನೆನಪಿದೆ: "ಕುರ್ಚಿ ಬಿಡೋದು ತಿಳಿದಿತ್ತು ಅವಗ. ಮಂದೀನ್ನ ಬಿಡಾಕ ಸಾಯೋತನಕಾ ಕಾದ, ಉಯಿಲಿನ್ಯಾಗ ಬರದ. ಅದು ತಪ್ಪಽ. ಎರಡೂ ಕಲೀರಿ." ಅವರ ಅಭಿಮಾನ ಕುರುಡಾಗಿರಲಿಲ್ಲ. ಅದು ನನಗೆ ಇವತ್ತಿಗೂ ದೊಡ್ಡದು.

ಈಗ ೨೦೨೧ರ ರಾಜ್ಯೋತ್ಸವಕ್ಕೆ ಬರುತ್ತೇನೆ. ಲಾಕ್‌ಡೌನ್ ಕಳೆದು ಮೊದಲ ಸಲ ಎಲ್ಲರೂ ಸೇರಿದ್ದೆವು, ಇದೇ ಹಾಲಿನಲ್ಲಿ. ಅಧ್ಯಕ್ಷರಾಗಿ ಸರ್ ಅವರ ಎರಡು ಅವಧಿ ಮುಗಿದಿತ್ತು, ನಮ್ಮ ನಿಯಮದಲ್ಲಿ ಅಷ್ಟೇ. ನಾವು ನಿಯಮ ಬದಲಾಯಿಸಿ ಅವರನ್ನು ಆಜೀವ ಅಧ್ಯಕ್ಷರನ್ನಾಗಿ ಮಾಡುವುದು ಅಂತ ತೀರ್ಮಾನಿಸಿದ್ದೆವು. ಶಾಲು ತಂದಿದ್ದೆವು, ಮೈಸೂರು ಪೇಟ ತಂದಿದ್ದೆವು. ಪ್ರೀತಿ ಇತ್ತು, ನಿಜ. ಭಯವೂ ಇತ್ತು. ಲಾಸ್ ಏಂಜಲೀಸಿನವರಿಗೂ ಸ್ಯಾನ್ ಡಿಯಾಗೋದವರಿಗೂ ಹಬ್ಬ ಎಲ್ಲಿ ಮಾಡಬೇಕು ಅನ್ನುವುದರಲ್ಲೇ ಜಗಳ. ಸರ್ ಕುರ್ಚಿ ಬಿಟ್ಟರೆ ಕೂಟ ಎರಡಾಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ಸರ್ ಪೇಟ ಕೈಗೆ ತೆಗೆದುಕೊಂಡರು, ತಲೆಗೆ ಇಡಲಿಲ್ಲ. ಹೊಸಬರನ್ನು ಆರಿಸಿ ಅಂದರು. ಸಭೆ ನನ್ನ ಹೆಸರು ಹೇಳಿತು. ಕಾರ್ಯಕ್ರಮ ಮುಗಿಯಿತು, ಪಕ್ಕದ ಕೋಣೆಯಲ್ಲಿ ಊಟ. ಇಲ್ಲಿ ಆಯಿತು ನೋಡಿ ತಮಾಷೆ. ನಮ್ಮ ಪದ್ಧತಿ ನಿಮಗೆ ಗೊತ್ತಲ್ಲ — ಹಿರಿಯರು ಏಳದೆ ಕಿರಿಯರು ಏಳುವುದಿಲ್ಲ, ಅವರು ನಡೆಯದೆ ನಾವು ನಡೆಯುವುದಿಲ್ಲ. ನಾನು ಬಾಗಿಲ ಹತ್ತಿರ ಬದಿಗೆ ಸರಿದು ನಿಂತೆ. ಸರ್ ಕೂಡ ಬದಿಗೆ ಸರಿದು ನಿಂತರು. ಬನ್ನಿ ಸರ್ ಅಂದೆ. ಅಲ್ಲಾಡಲಿಲ್ಲ. ಹಿಂದೆ ಇಡೀ ಕೂಟ ನಿಂತಿದೆ, ಬಿಸಿಬೇಳೆಬಾತ್ ಆರುತ್ತಿದೆ, ಮಕ್ಕಳು ಹಸಿವು ಅಂತ ಕೂಗುತ್ತಿವೆ, ಒಬ್ಬರೂ ಕಾಲು ಕೀಳುತ್ತಿಲ್ಲ.

ಆಗ ಸರ್ ಹೇಳಿದರು: "ಅಧ್ಯಕ್ಷರು ಮುಂದ, ಉಪಾಧ್ಯಕ್ಷರು ಅವರ ಹಿಂದ, ನಾ ಕಡೀಕ. ನಡಿಯವ್ವಾ."

ಝೂಮ್ ಕ್ಲಾಸಿನಲ್ಲಿ ಕೂತಿದ್ದವರಿಗೆಲ್ಲ ತಟ್ಟನೆ ಹೊಳೆಯಿತು. ಎರಡನೇ ಅಧ್ಯಕ್ಷ ಪ್ರಮಾಣವಚನ ತೆಗೆದುಕೊಂಡ ದಿನ ವಾಷಿಂಗ್ಟನ್ ಹೀಗೇ ಮಾಡಿದ್ದ ಅಂತ ಸರ್ ಹೇಳಿದ್ದರು — ಹೊಸ ಅಧ್ಯಕ್ಷನನ್ನೂ ಉಪಾಧ್ಯಕ್ಷನನ್ನೂ ಮುಂದೆ ಬಿಟ್ಟು, ತಾನು ಸಾಮಾನ್ಯ ಪ್ರಜೆಯಾಗಿ ಹಿಂದೆ ನಡೆದ. ತಾಜ್ ಬೇಗಂ ಅವರೇ ನನ್ನ ಬೆನ್ನ ಮೇಲೆ ಕೈ ಇಟ್ಟು ತಳ್ಳಿದರು. ಹೋದೆ. ಅಷ್ಟು ಹಿರಿಯರಿಗೆ ಬೆನ್ನು ಮಾಡಿ ನಡೆದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ತಿರುಗಿ ನೋಡಿದರೆ ಸರ್ ಎಲ್ಲರ ಕೊನೆಗೆ ಒಳಗೆ ಬಂದು, ಸೌಟು ಹಿಡಿದು ಬಡಿಸಲು ನಿಂತಿದ್ದರು.

ಕೂಟ ಎರಡಾಗಲಿಲ್ಲ. ಹೋದ ವರ್ಷದ ರಾಜ್ಯೋತ್ಸವ ಲಾಸ್ ಏಂಜಲೀಸ್ ಕಡೆಯ ಲಾಂಗ್ ಬೀಚಿನಲ್ಲಿ ಆಯಿತು, ಸ್ಯಾನ್ ಡಿಯಾಗೋದವರು ಬಸ್ ಮಾಡಿಕೊಂಡು ಹೋದೆವು. ನಾನು ಅಧ್ಯಕ್ಷಳಾದ ಮೇಲೆ ಸರ್ ಒಂದು ಸಲವೂ ಹೀಗೆ ಮಾಡು ಅನ್ನಲಿಲ್ಲ. ಕೇಳಿದರೆ ಮಾತ್ರ ಹೇಳುತ್ತಿದ್ದರು. ಇಂಥವರ ಜೊತೆ ಕೆಲಸ ಮಾಡಿದೆ ಅಂತ ನನಗೆ ಹೆಮ್ಮೆ. ಬಾಯಿ ಬಿಟ್ಟು ಹೇಳುತ್ತಿದ್ದೇನೆ, ಹೆಮ್ಮೆ.

ಈ ನವೆಂಬರಿಗೆ ನನ್ನ ಎರಡನೇ ಅವಧಿ ಮುಗಿಯುತ್ತದೆ. ನಿಯಮ ಬದಲಾಯಿಸೋಣ ಅಂತ ನಿಮ್ಮಲ್ಲಿ ಕೆಲವರು ಮನೆಗೆ ಬಂದಿದ್ದೀರಿ, ಕಾಫಿ ಕುಡಿದು ಹೋಗಿದ್ದೀರಿ. ಉತ್ತರ ಇಲ್ಲೇ, ಸರ್ ಫೋಟೋ ಮುಂದೆಯೇ ಕೊಡುತ್ತೇನೆ. ಸಾಕು.

ಎಲ್ಲರೂ ಎದ್ದು ನಿಲ್ಲೋಣ. ಒಂದು ನಿಮಿಷ ಮೌನ. ಆಮೇಲೆ ಊಟಕ್ಕೆ ಹೋಗುವಾಗ ಬಾಗಿಲಲ್ಲಿ ಯಾರೂ ಯಾರಿಗೂ ಕಾಯಬೇಡಿ, ಮಕ್ಕಳು ಮುಂದೆ ನಡೆಯಲಿ, ನಾನು ಕೊನೆಯಲ್ಲಿ ಬರುತ್ತೇನೆ. ನಮ್ಮೆಲ್ಲರನ್ನೂ ಮುಂದೆ ಕಳಿಸಿ ತಾವು ಹಿಂದೆ ನಿಲ್ಲುತ್ತಿದ್ದ ಸರ್ — ಇದೊಂದು ಸಲ ನಮಗಿಂತ ಮೊದಲು ಹೊರಟುಬಿಟ್ಟಿದ್ದಾರೆ.