ಸೊಂಟದ ಮೇಲಿನ ಕೈ

ಒಂದೂರು. ಆ ಊರಿನಲ್ಲೊಬ್ಬ ಸಾಹುಕಾರ. ಊರಿನ ಅಂಚಿಗೆ ಕೆರೆ, ಕೆರೆಯ ಸುತ್ತ ಕಾಡು, ಕಾಡಿನೊಳಗೆ ಸರ್ಕಾರದವರು ಹಾಕಿಸಿದ ಕಾಂಕ್ರೀಟು ದಾರಿ. ಹೊರಟಲ್ಲಿಗೇ ತಿರುಗಿ ಬರುವ ದಾರಿ. ಬೆಳಗಾದರೆ ಊರಿಗೆ ಊರೇ ಅಲ್ಲಿ. ಬಾಗಿಲಲ್ಲೊಂದು ಬೋರ್ಡು, ಅದರ ಮೇಲೊಂದು ಬಾಣ: ಎಲ್ಲರೂ ಈ ಕಡೆಯಿಂದಲೇ ಹೋಗಿ. ನೋಡಿ, ಪ್ರದಕ್ಷಿಣೆ ಬಂದ ಹಾಗೆ! ದೇವರನ್ನು ಸುತ್ತಿದರೆ ಪಾಪ ಕರಗುತ್ತದೆ, ಕೆರೆಯನ್ನು ಸುತ್ತಿದರೆ ಹೊಟ್ಟೆ ಕರಗುತ್ತದೆ. ಹೊರಗೆ ಬಂದು ಬೋಂಡಾ ತಿನ್ನದಿದ್ದರೆ.

ಸಾಹುಕಾರನಿಗೂ ಡಾಕ್ಟರು ಓಡಲು ಹೇಳಿದರು. ಒಂದು ದಿನ ಓಡಿದ, ಎರಡು ದಿನ ಓಡಿದ. ಮೂರನೆಯ ದಿನ ಚಿಂತೆ ಹತ್ತಿತು. ಎಲ್ಲರೂ ಒಂದೇ ಕಡೆ ಓಡಿದರೆ ಕಾಣುವುದೇನು? ಬೆನ್ನು! ಮುಂದಿನವನ ಬೆನ್ನು ನನಗೆ, ನನ್ನ ಬೆನ್ನು ಹಿಂದಿನವನಿಗೆ. ಬೆನ್ನಿಗೆ ಯಾರಾದರೂ ನಮಸ್ಕಾರ ಮಾಡುತ್ತಾರೆಯೇ?

ಏನು ಮಾಡಿದ? ತಿರುಗಿದ. ಬಾಣ ಆ ಕಡೆ, ಸಾಹುಕಾರ ಈ ಕಡೆ. ಈಗ ಮಜಾ ನೋಡಿ! ಎದುರು ಬಂದವರೆಲ್ಲ "ನಮಸ್ಕಾರ ಸಾಹುಕಾರ್ರೇ, ನಮಸ್ಕಾರ." ಒಂದು ಸುತ್ತಿನಲ್ಲಿ ಒಬ್ಬೊಬ್ಬರೂ ಎರಡೆರಡು ಸಲ ಸಿಗುತ್ತಾರೆ. ತಿಂಗಳಾಯಿತು. ಹೊಟ್ಟೆ ಕರಗಿತೋ ಇಲ್ಲವೋ, ಎದೆ ಮಾತ್ರ ಉಬ್ಬಿತು.

ಆದರೆ ಅಲ್ಲಿಗೊಬ್ಬ ಮುದುಕ ಮೇಷ್ಟ್ರು ಬರುತ್ತಿದ್ದರು. ಬಡಕಲು ಮೈ, ಎರಡು ಕೈಯೂ ಸೊಂಟದ ಮೇಲೆ, ಹಾಗೇ ತುಸುತುಸುವೇ ಓಡುವುದು. ಸಾಹುಕಾರನನ್ನು ಕಂಡರೆ ನಗುತ್ತಿದ್ದರು. ಕೈ ಮಾತ್ರ ಎತ್ತುತ್ತಿರಲಿಲ್ಲ. ಇಂದೂ ಇಲ್ಲ, ನಾಳೆಯೂ ಇಲ್ಲ. ಇನ್ನೂರು ಜನ ಕೈ ಮುಗಿದದ್ದು ಸಾಹುಕಾರನಿಗೆ ಮರೆತೇ ಹೋಯಿತು. ಮುಗಿಯದ ಆ ಎರಡು ಕೈ ಊಟಕ್ಕೆ ಕುಳಿತರೂ ಕಣ್ಣ ಮುಂದೆ.

"ಯಾಕ್ರೀ, ಇಡ್ಲಿ ಮುಟ್ಟೇ ಇಲ್ಲ?" ಎಂದಳು ಹೆಂಡತಿ.

"ಸೊಂಟದ ಮೇಲೆ ಕೈ ಕಣೇ! ನನ್ನ ಎದುರಿಗೆ!"

ನಗಬೇಡಿ ತಾಯಂದಿರೇ. ನಿಮ್ಮ ಮನೆಯಲ್ಲೂ ಇಡ್ಲಿ ಆರಿದ್ದುಂಟು.

ಒಂದು ಬೆಳಿಗ್ಗೆ ಬಿದಿರು ಮೆಳೆಯ ತಿರುವಿನಲ್ಲಿ ಸಾಹುಕಾರ ಮೇಷ್ಟ್ರನ್ನು ಅಡ್ಡಗಟ್ಟಿದ.

"ಏನ್ರೀ ಮೇಷ್ಟ್ರೇ, ಎಷ್ಟು ದಿನದಿಂದ ನೋಡ್ತಿದ್ದೀನಿ. ಒಂದು ನಮಸ್ಕಾರ ಮಾಡೋಕೆ ಏನ್ ಕಷ್ಟ ನಿಮಗೆ?"

ಮೇಷ್ಟ್ರು ಹಿಂದೆ ಮುಂದೆ ನೋಡಿದರು. "ಇಲ್ಲಿ ಬೇಡ ಸ್ವಾಮಿ. ಜನ ಬರ್ತಿದ್ದಾರೆ."

"ಬರ್ಲಿ! ಜನದ ಮುಂದೇನೇ ಮಾಡಿ."

"ಒಂದೇ ಕೈಯಲ್ಲಿ ಮಾಡಿದ್ರೆ ಆಗಲ್ವಾ?"

"ಎರಡೂ ಕೈ!"

ಮೇಷ್ಟ್ರು ಕಣ್ಣು ಮುಚ್ಚಿದರು. ಎರಡೂ ಕೈ ಎತ್ತಿ ಮುಗಿದರು. ಪ್ಯಾಂಟು ಜಾರಿ ಪಾದದ ಮೇಲೆ ಬಿತ್ತು.

ಒಳಗೆ ಪಟ್ಟೆ ಪಟ್ಟೆ ಚಡ್ಡಿ. ಕೆರೆಯ ನೀರುಕಾಗೆ ಕೂಡ ಒಂದು ಗಳಿಗೆ ಮುಳುಗುವುದನ್ನು ಮರೆಯಿತು!

"ಈ ಪ್ಯಾಂಟು ನನ್ನ ಸೊಸೆ ಪ್ರೀತಿಯಿಂದ ತಂದುಕೊಟ್ಟಿದ್ದು ಸ್ವಾಮಿ," ಎಂದರು ಮೇಷ್ಟ್ರು, ಮುಗಿದ ಕೈ ಇಳಿಸದೆ. "ಜ್ವರ ಬಂದು ಸೊರಗಿಬಿಟ್ಟೆ, ಈಗ ಇದು ದೊಗಳೆ. ಹೇಳಿದ್ರೆ ಪಾಪ ಬೇಜಾರು ಮಾಡ್ಕೋತಾಳೆ. ಅದಕ್ಕೇ ಹಿಡ್ಕೊಂಡೇ ಓಡ್ತೀನಿ."

ಅಷ್ಟರಲ್ಲಿ ತಿರುವಿನಾಚೆ ಹೆಂಗಸರ ಮಾತು ಕೇಳಿಸಿತು. ಸಾಹುಕಾರನಿಗೆ ನಾಚಿಕೆಯಾಯಿತು. ಜೀವಮಾನದಲ್ಲಿ ಮೊದಲ ಸಲ ನಿಜವಾದ ನಾಚಿಕೆ! ದೊಪ್ಪನೆ ಮಂಡಿಯೂರಿ, ಬಗ್ಗಿ, ತನ್ನ ಕೈಯಾರೆ ಪ್ಯಾಂಟು ಮೇಲೆತ್ತಿದ. ಕೊರಳಲ್ಲಿದ್ದ ಟವೆಲನ್ನು ಮೇಷ್ಟ್ರ ಸೊಂಟಕ್ಕೆ ಬಿಗಿದು ಗಂಟು ಹಾಕಿದ. ತಿರುವು ದಾಟಿ ಬಂದವರಿಗೆ ಕಂಡದ್ದೇನು? ಸಾಹುಕಾರ ಮೇಷ್ಟ್ರ ಕಾಲ ಬಳಿ! "ಅಯ್ಯೋ, ಇವರ್ಯಾರೋ ದೊಡ್ಡ ಮಹಾತ್ಮರೇ ಇರಬೇಕು" ಎಂದು ಅವರೂ ಸಾಲಾಗಿ ಮೇಷ್ಟ್ರ ಕಾಲಿಗೆ ಬಿದ್ದರು.

ಮೇಷ್ಟ್ರು ಗಂಟನ್ನು ಎಳೆದು ನೋಡಿದರು. ಗಟ್ಟಿಯಾಗಿತ್ತು. ಆಗ ಬಿಡುವಾದ ಎರಡೂ ಕೈಯನ್ನು ಸಾಹುಕಾರನ ಕಡೆ ಜೋಡಿಸಿದರು. "ನಮಸ್ಕಾರ ಸ್ವಾಮಿ. ಇಷ್ಟು ದಿನ ಮನಸ್ಸಿನಲ್ಲೇ ಮಾಡ್ತಿದ್ದೆ." ಸಾಹುಕಾರನ ಕಣ್ಣಲ್ಲಿ ನೀರು ಬಂತು.

ಕಥೆ ಸಾಹುಕಾರನದು ಎಂದು ಹಾಯಾಗಿ ಕೂತಿದ್ದೀರಿ, ಅಲ್ಲವೇ? ಈಗ ಇಲ್ಲಿಗೆ ಬರುವಾಗ ಬಾಗಿಲಲ್ಲಿ ಪಕ್ಕದ ಮನೆಯವರು ನಿಮ್ಮನ್ನು ಮಾತಾಡಿಸಲಿಲ್ಲ, ಅದನ್ನೇ ಮೆಲುಕು ಹಾಕುತ್ತಾ ಅರ್ಧ ಪ್ರವಚನ ಕಳೆದಿರಿ. ನನ್ನದೂ ಅದೇ ಜಾತಿ. ಮೊನ್ನೆ ಒಬ್ಬಾಕೆ ನನಗೆ ಕೈ ಮುಗಿಯಲಿಲ್ಲವೆಂದು ಮುಖ ಊದಿಸಿಕೊಂಡೆ. ಆಮೇಲೆ ನೋಡುತ್ತೇನೆ, ಆಕೆಯ ಎರಡೂ ತೋಳಿನಲ್ಲಿ ಒಂದೊಂದು ಮಗು!

ನಾಳೆಯಿಂದ ಹೀಗೆ ಮಾಡಿ. ಮೊದಲು ನೀವೇ ಕೈ ಮುಗಿಯಿರಿ. ಕಸದ ಗಾಡಿಯ ತಾಯಿಗೆ ಮುಗಿಯಿರಿ, ಹಾಲಿನವನಿಗೆ ಮುಗಿಯಿರಿ, ಮಾತು ಬಿಟ್ಟ ಓರಗಿತ್ತಿಗೂ ಮುಗಿಯಿರಿ. ಅವರು ತಿರುಗಿ ಮುಗಿಯದಿದ್ದರೆ ಸೊಕ್ಕು ಎನ್ನಬೇಡಿ, ಆ ಕೈಯಲ್ಲಿ ಏನಿದೆ ನೋಡಿ. ಜಾರುವುದೊಂದನ್ನು ಎಲ್ಲರೂ ಹಿಡಿದುಕೊಂಡೇ ಓಡುತ್ತಿದ್ದಾರೆ. ಒಬ್ಬರದು ಸಂಸಾರ, ಒಬ್ಬರದು ಆರೋಗ್ಯ, ಒಬ್ಬರದು ಮಾನ. ಕೈ ಬಿಡಿ ಎಂದು ಅಡ್ಡಗಟ್ಟಬೇಡಿ. ಬಗ್ಗಿ, ನೀವೂ ಒಂದು ಕಡೆ ಹಿಡಿದುಕೊಳ್ಳಿ.