ಲುಬ್ಬರ್ಟನ ಉಣ್ಣೆ ಟೊಪ್ಪಿ

ರಾತ್ರಿ ಹನ್ನೊಂದು ಹೊಡೆದಿತ್ತು. ನನ್ನ ಚಿಕ್ಕಮ್ಮನ ಮಗ ವುಬ್ಬೊ ಕಾಲುವೆ ದಂಡೆ ಹಿಡಿದು ಮನೆಗೆ ಬರ್ತಿದ್ದ... ತಲೆ ಮೇಲೆ ಕದ್ದ ಟೊಪ್ಪಿ.

ಅವನು ಕಾವಲುಗಾರ. ನಮ್ಮ ಡಚ್ಚರ ಹಳೇ ಚಿತ್ರ, ಹಡಗಿನ ಸಾಮಾನು ಎಲ್ಲ ಇಟ್ಟಿರೋ ದೊಡ್ಡ ಮ್ಯೂಸಿಯಮ್ಮಲ್ಲಿ. ಆ ಟೊಪ್ಪಿ ಮುನ್ನೂರು ವರ್ಷದ ಹಿಂದೆ ತಿಮಿಂಗಿಲ ಬೇಟೆಗೆ ಹೋಗಿ ಹಿಮದ ದ್ವೀಪದಲ್ಲೇ ಸತ್ತವನದು. ಗೋರಿಯಿಂದ ತೆಗೆದದ್ದು. ಅಲ್ಲಿನ ಚಳಿಗೆ ಕಣ್ಣೊಂದು ಬಿಟ್ಟು ಮುಖವೆಲ್ಲ ಮುಚ್ಚಬೇಕು. ಯಾರು ಯಾರಂತ ಗೊತ್ತಾಗ್ತಿದ್ದದ್ದು ಟೊಪ್ಪಿಯ ಪಟ್ಟೆಯಿಂದಲೇ. ಅವತ್ತು ಧೂಳು ತೆಗೆಯೋಕೆ ಅದನ್ನ ಗಾಜಿನ ಪೆಟ್ಟಿಗೆಯಿಂದ ಹೊರಗಿಟ್ಟಿದ್ದರು. ಹೆಂಡತಿ ಗೇಸ್ಕೆಯನ್ನು ಹೆದರಿಸಿ ಬೆಳಿಗ್ಗೆ ವಾಪಸ್ ಇಟ್ಟರಾಯ್ತು ಅಂತ ಇವನು ಎತ್ಕೊಂಡ.

ಕರ್... ಕರ್...

ಹಿಮ ತುಳಿದ ಸದ್ದು. ರಸ್ತೆ ನೋಡಿದರೆ ಬರೀ ಒದ್ದೆ.

"ಲುಬ್ಬರ್ಟ್... ಕೈಗವಸು ಕೊಡೋ. ನಾವು ಮಲಗಿದ್ದಾಗ ಕದ್ದೆಯಲ್ಲ."

"ನಾನು ಲುಬ್ಬರ್ಟ್ ಅಲ್ಲ! ವುಬ್ಬೊ!"

"ಟೊಪ್ಪಿ ನಿನ್ನದೇ ಅಲ್ವೇನೋ?" ಯಾರೋ ಕಿಸಕ್ಕಂತ ನಕ್ಕರು.

ತಿರುಗಿದ. ಯಾರೂ ಇಲ್ಲ. ಗಾಳಿಯಲ್ಲಿ, ಆಳೆತ್ತರದಲ್ಲಿ, ನಾಲ್ಕು ಕಡೆ ಉಸಿರಿನ ಹಬೆ ಮಾತ್ರ... ಇವನ ಬೆರಳು ಮರಗಟ್ಟತೊಡಗಿದವು. ಟೊಪ್ಪಿ ಕಿತ್ತು ನೀರಿಗೆ ಎಸೆಯೋಕೆ ಕೈ ಎತ್ತಿದ.

"ಎಸೆದರೆ ಬಿಟ್ಟೇವಾ? ಅದನ್ನ ಹಾಕ್ಕೊಂಡಿರೋನು ಒಬ್ಬ ಬೇಕು ನಮಗೆ."

ಸೇತುವೆ ಹತ್ತಿರದ ಬೆಂಚಿನ ಮೇಲೆ ಮುದುಕ ಹಾರ್ಮೆನ್ ಮಲಗಿದ್ದ. ಮನೆಯಿಲ್ಲದವನು. ದಿನಾ ಬೆಳಿಗ್ಗೆ ವುಬ್ಬೊನೇ ಅವನಿಗೆ ಕಾಫಿ ಕೊಡೋನು. ಓಡಿ ಹೋಗಿ ಆ ಟೊಪ್ಪಿಯನ್ನ ಮುದುಕನ ಕಿವಿವರೆಗೂ ಎಳೆದುಬಿಟ್ಟ.

ಹಾರ್ಮೆನ್ ಅರೆಗಣ್ಣು ಬಿಟ್ಟ. "ನೀನಾ ಮಗಾ... ಬೆಚ್ಚಗಿದೆ ಕಣೋ. ದೇವರು ಒಳ್ಳೇದು ಮಾಡ್ಲಿ."

ವುಬ್ಬೊ ಓಟ ಕಿತ್ತ. ಕರ್ ಕರ್ ಸದ್ದು ಹಿಂದೆ ಬರಲಿಲ್ಲ. ಬೆಂಚಿನ ಹತ್ತಿರವೇ ನಿಂತಿತು.

"ವುಬ್ಬೊ! ಯಾರೋ ಇವರು? ವುಬ್ಬೊ... ನಾನಲ್ಲ ಅಂತ ಹೇಳೋ!"

ಇವನು ತಿರುಗಲಿಲ್ಲ. ಕೇಳಿಸಿತ್ತು, ಆದರೂ ಓಡಿದೆ ಅಂತ ನನ್ನ ಮುಂದೆ ಅವನೇ ಒಪ್ಪಿಕೊಂಡ. ಗೇಸ್ಕೆಗೆ ಇವತ್ತಿಗೂ ಹೇಳಿಲ್ಲ.

ಕಟ್ಟುಕತೆ ಅನ್ನಬೇಡಿ. ನಾನು ಆಂಬ್ಯುಲೆನ್ಸ್ ಓಡಿಸೋನು, ಬೆಳಿಗ್ಗೆ ಹೆಣ ಎತ್ತಿದವನು ನಾನೇ. ಟೊಪ್ಪಿ ಎಲ್ಲೂ ಇರಲಿಲ್ಲ. ಅವತ್ತು ಒಂಬತ್ತು ಡಿಗ್ರಿ, ಹೆಪ್ಪುಗಟ್ಟೋ ಚಳಿಯೇ ಅಲ್ಲ, ಕಾಲುವೆಯಲ್ಲಿ ಬಾತುಕೋಳಿಗಳು ಈಜ್ತಿದ್ದವು. ಎತ್ತುವಾಗ ನನ್ನ ತೋಳು ಹಾರ್ಮೆನನ ಗಡ್ಡಕ್ಕೆ ತಾಗಿತು... ಅದು ಲಟಕ್ಕಂತ ಮುರಿದು ಕೈಗೆ ಬಂತು.