ಚಿಂಬಲ್ಲಿಗೆ ಹೊರಟ ರೊಟ್ಟಿಯ ಗಂಟು

೧೯೮೯ರ ಡಿಸೆಂಬರ್ ಇಪ್ಪತ್ತಾರು, ರಾತ್ರಿ ಒಂಬತ್ತೂವರೆ. ಇದು ಆರಂಭವಾದದ್ದು ಪಣಜಿಯ ಬಸ್‌ನಿಲ್ದಾಣದಲ್ಲಿ.

ವಿಜಾಪುರದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿ ಮನೆಯಿದ್ದ ಮುಮ್ತಾಜ, ಕನ್ನಡ ಶಾಲೆಯ ಶಿಕ್ಷಕಿ, ರಜೆ ಹಾಕಿ ಒಬ್ಬಳೇ ಗೋವಾ ನೋಡಲು ಹೊರಟಿದ್ದಳು. ಸಮುದ್ರವನ್ನು ಆಕೆ ಭೂಪಟದಲ್ಲಿ ಮಾತ್ರ ಕಂಡಿದ್ದಳು. ಉಳಿಯುವುದು ಪಣಜಿಯ ಹೊರಗೆ, ನಮ್ಮ ಕಡೆಯ ಕೂಲಿಯವರು ನೆಲೆಸಿದ ಚಿಂಬಲ್ಲಿನಲ್ಲಿ, ಚಿಕ್ಕಮ್ಮನ ಮಗಳು ಲಾಡಬಿಯ ಮನೆಯಲ್ಲಿ. ಆದರೆ ಬಸ್ಸು ಅನಮೋಡ ಘಟ್ಟದಲ್ಲಿ ಕೆಟ್ಟು ನಿಂತಿತು. ಕರೆದೊಯ್ಯಲು ಬಂದಿದ್ದ ಲಾಡಬಿಯ ಗಂಡ ಉಸ್ಮಾನ ಕಾದು ಕಾದು, ಇನ್ನು ನಾಳೆಯೇ ಬಂದಾಳೆಂದು ಮರಳಿದ್ದ.

ದೊಡ್ಡ ಊರಿನಲ್ಲಿ ಹೇಗಿರಬೇಕೆಂದು ಲಾಡಬಿ ಮೊದಲೇ ಹೇಳಿ ಕಳಿಸಿದ್ದಳು. ಪರದೇಶದವರ ಗೊಡವೆಗೆ ಹೋಗಬೇಡ. ಕುಡುಕರಿಂದ ದೂರ ಇರು. ಮೋಟಾರ್‌ಸೈಕಲ್ಲಿನವರ ಹಿಂದೆ ಕೂಡಬೇಡ. ನಮ್ಮ ಮಾತು ಆಡುವವರು ಸಿಕ್ಕರೆ ಅವರ ಸಂಗಡ ಮಾತ್ರ ಬಾ.

ಬಾಡಿಗೆ ಮೋಟಾರ್‌ಸೈಕಲ್ ಓಡಿಸುವವರನ್ನು ಅಲ್ಲಿ ಪೈಲಟ್ ಎನ್ನುತ್ತಾರೆ. ಹಳದಿ ಮಡ್‌ಗಾರ್ಡಿನ ಗಾಡಿಯ ಮುದಿ ಪೈಲಟನೊಬ್ಬ ಹತ್ತಿರ ಬಂದು, ಬೇಕಾದರೆ ನನ್ನ ಗಾಡಿಯ ನಂಬರು ಬರೆದುಕೊಂಡು ಹತ್ತು ಮಗಳೇ ಎಂದು ಹಿಂದಿಯಲ್ಲಿ ಹೇಳಿದ. ಮುಮ್ತಾಜ ಮುಖ ತಿರುವಿದಳು.

ಆಗ ಬೆನ್ನ ಹಿಂದೆ ಒಂದು ದನಿ...

“ಅಕ್ಕಾರ, ವಿಜಾಪುರದ ಕಡಿಯಿಂದ ಬಂದ್ರೇನ್ರಿ?”

ತವರಿನ ಮಾತು. ಬೆಳಗಿನಿಂದ ಬಿಗಿಹಿಡಿದಿದ್ದ ಆಕೆಯ ಎದೆ ಸಡಿಲಾಯಿತು.

ಹೆಸರು ಭರಮಪ್ಪ ಎಂದ. ಕಟ್ಟಡದ ಕೂಲಿಯವರ ಮುಕಾದಮ, ಊರಿಂದ ಆಳು ಕರೆತಂದು ಕೆಲಸಕ್ಕೆ ಹಚ್ಚುವವನು. ಯಾರ ಮನೆಗೆಂದು ಆಕೆ ಹೇಳಿದ್ದೇ ತಡ, ಉಸ್ಮಾನ ತನ್ನ ಕೈಕೆಳಗೇ ದುಡಿಯುತ್ತಾನೆ, ತಾನೂ ಚಿಂಬಲ್ಲಿಗೇ ಹೊರಟವನು ಎಂದ. ಅವನ ಕೈ ಮಾತಿಗಿಂತ ಮೊದಲು ಆಕೆಯ ಗಂಟಿಗೆ ಹೋಗಿತ್ತು. ಅದರೊಳಗೆ ಒಣಗಿಸಿದ ಕಟಕ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಚಟ್ನಿಪುಡಿ. ನಮ್ಮ ಕಡೆಯ ಹೆಂಗಸು ರೊಟ್ಟಿಯಿಲ್ಲದೆ ನೆಂಟರ ಹೊಸ್ತಿಲು ತುಳಿಯುವುದಿಲ್ಲ. ಆ ಗಂಟನ್ನು ಹೊತ್ತವನು ಎತ್ತ ನಡೆದರೂ ಹಿಂದೆ ನಡೆಯುತ್ತಾಳೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೊನೆಯ ಬಸ್ಸು ಇಬ್ಬರನ್ನೂ ಚಿಂಬಲ್ಲಿನ ತಿರುವಿನಲ್ಲಿ ಇಳಿಸಿತು. ಅವನು ಡಾಂಬರು ಬಿಟ್ಟು ಒಳದಾರಿ ಹಿಡಿದ. ಬಸ್ಸಿನ ಗುರುಗುರು ದೂರವಾಯಿತು... ನಿಂತಿತು. ಮುಂದೆ ಒಂದು ಆಲದ ಮರ. ಅದರ ಕೆಳಗೆ ಕಲ್ಲುಕಟ್ಟೆಯ ಬಾವಿ.

“ದೀಪ ಒಂದೂ ಕಾಣವಲ್ದಲ್ರಿ,” ಎಂದಳು ಮುಮ್ತಾಜ.

“ಸುಮ್ನ ಬಾ.”

ಅಕ್ಕಾರ ಎಂಬುದು ಉದುರಿತ್ತು. ಮಾತಿನ ಕೊನೆಯ ರೀ ಕೂಡ ಉದುರಿತ್ತು. ಆಕೆ ನಿಂತಳು. ಗಂಟು ಕೊಡು ಎಂದಳು. ಅವನು ನಕ್ಕು ಮುಂಗೈ ಹಿಡಿದ. ಬಳೆ ಒಡೆದವು. ಚಟ್... ಚಟ್.

ಅದರ ಹಿಂದೆಯೇ ಇನ್ನೊಂದು ಸದ್ದು.

ಗಿರಕ್... ಗಿರಕ್...

ಎಣ್ಣೆ ಕಾಣದ ರಾಟೆ ತಿರುಗುವ ಸದ್ದು. ಆಮೇಲೆ ಆಳದಲ್ಲಿ, ಕೊಡ ಮುಳುಗಿದಂತೆ... ದುಬುಕ್.

ಬಾವಿಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಹಗ್ಗ ಎಳೆಯುತ್ತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಸೀರೆಯ ಅಂಚಿನಿಂದ ನೀರು ಸೋರುತ್ತಿತ್ತು. ತಿರುಗಿ ನೋಡದೆ, ಮೆಲ್ಲಗೆ ಕೇಳಿದಳು.

“ಮುಕಾದಮ... ನನ್ನ ಗಂಟ ಎಲ್ಲಿಟ್ಟಿ?”

ಮುಂಗೈ ಮೇಲಿನ ಹಿಡಿತ ಬಿಟ್ಟಿತು. ಹನುಮವ್ವ... ಎಂಬ ಒಂದು ಹೆಸರು ಅವನ ಗಂಟಲಿನಿಂದ ಹೊರಬಿತ್ತು. ಅಷ್ಟೇ. ರೊಟ್ಟಿಯ ಗಂಟಿನ ಸಮೇತ ಕತ್ತಲೆಗೆ ನುಗ್ಗಿ ಓಡಿದ.

“ನಡಿ, ತಂಗಿ,” ಎಂದಳು ಆ ಹೆಂಗಸು. “ನಾ ಮುಂದ ಇರತೇನಿ.”

ಮುಮ್ತಾಜ ನಡೆದಳು. ಮುಂದೆ ಯಾರೂ ಕಾಣಲಿಲ್ಲ. ಒದ್ದೆ ಪಾದ ಊರುವ ಸದ್ದು ಮಾತ್ರ... ಪಚಕ್... ಪಚಕ್... ಚಿಂಬಲ್ಲಿನ ಮೊದಲ ದೀಪದ ಬೆಳಕು ಕಾಲ ಮೇಲೆ ಬಿದ್ದಾಗ ಅದೂ ನಿಂತಿತು.

ಮನೆ ಕೇಳಿಕೊಂಡು ಬಂದ ಮುಮ್ತಾಜಳಿಂದ ಲಾಡಬಿ ಎಲ್ಲವನ್ನೂ ಕೇಳಿಸಿಕೊಂಡು ಕದದ ಅಗಳಿ ಹಾಕಿದಳು. ಆಮೇಲೆ ಪಿಸುಮಾತಿನಲ್ಲಿ ಹೇಳಿದಳು. ಮುದ್ದೇಬಿಹಾಳದ ಕಡೆಯ ಹನುಮವ್ವನನ್ನು ಎರಡು ವರ್ಷದ ಹಿಂದೆ ಭರಮಪ್ಪನೇ ಕೆಲಸ ಕೊಡಿಸುತ್ತೇನೆಂದು ಕರೆತಂದಿದ್ದ. ಗಂಟು ಅವನೇ ಹೊತ್ತಿದ್ದ. ಹೆಣ ಬಾವಿಯಲ್ಲಿ ಸಿಕ್ಕಿತು. ಕಾಲು ಜಾರಿದಳೆಂದು ನಮ್ಮವರೆಲ್ಲ ಒಂದೇ ಮಾತು ಹೇಳಿದರು. ಆಮೇಲೆ ಬಾವಿಗೆ ಹಾಸುಗಲ್ಲು ಹೊದಿಸಿ ಸಿಮೆಂಟು ಬಳಿದರು. ಅಲ್ಲಿ ರಾಟೆಯೂ ಇಲ್ಲ, ಹಗ್ಗವೂ ಇಲ್ಲ.

ಮುಮ್ತಾಜಳಿಗೆ ಅಲ್ಲಿಯವರೆಗೆ ಇದ್ದದ್ದು ಭಯ. ಈಗ ಅದು ಆರಿ, ಅದರ ಜಾಗದಲ್ಲಿ ಬೇರೆಯದೇ ಹೊತ್ತಿಕೊಂಡಿತು.

“ಕುಡುಕರಿಗೆ ಅಂಜು ಅಂದಿ, ಪರದೇಶದವರಿಗೆ ಅಂಜು ಅಂದಿ. ಇವನ ಹೆಸರು ಯಾಕ ಹೇಳಲಿಲ್ಲ?”

“ಅಂವ ನಮ್ಮಾಂವ, ಅಕ್ಕಾ... ಇವ್ರಿಗೆ ಕೆಲಸ ಕೊಡಾಂವ.”

“ಬಾವ್ಯಾಗ ಬಿದ್ದಾಕಿ ಯಾರಾಕಿ?”

ಲಾಡಬಿ ದೀಪದ ಬತ್ತಿ ಇಳಿಸಿದಳು. ಒಳಗೆ ಉಸ್ಮಾನ ಎಚ್ಚರವಿದ್ದ. ಅವನು ಗೋಡೆಯ ಕಡೆ ಹೊರಳಿದ.

ಆ ರಾತ್ರಿ ಮುಮ್ತಾಜ ಮಲಗದೆ ಗೋಡೆಗೊರಗಿ ಕುಳಿತಳು. ಅಪರಿಚಿತನೊಬ್ಬ ತನ್ನ ಗಾಡಿಯ ನಂಬರು ತಾನೇ ಕೊಟ್ಟಿದ್ದ, ಆಕೆ ನಂಬಲಿಲ್ಲ. ಇನ್ನೊಬ್ಬ ಬರೀ ತವರಿನ ಮಾತು ಕೊಟ್ಟ, ಕೈಯಲ್ಲಿದ್ದ ಗಂಟನ್ನೇ ಒಪ್ಪಿಸಿದಳು. ನಾಳೆಯೂ ಅವನು ಅದೇ ನಿಲ್ದಾಣದಲ್ಲಿ ನಿಲ್ಲುತ್ತಾನೆ. ಇನ್ನಾವಳನ್ನೋ ಅಕ್ಕಾರ ಎನ್ನುತ್ತಾನೆ.

ನಸುಕಿನಲ್ಲಿ ಲಾಡಬಿ ಕದ ತೆರೆದು, ತೆರೆದಲ್ಲೇ ನಿಂತಳು. ಹೊಸ್ತಿಲ ಮೇಲೆ ರೊಟ್ಟಿಯ ಗಂಟು ಇತ್ತು. ಬಟ್ಟೆ ಹಿಂಡಿದರೆ ನೀರು ಧಾರೆಯಾಗಿ ಇಳಿಯಿತು. ಒಳಗಿನ ರೊಟ್ಟಿಯನ್ನು ಉಸ್ಮಾನ ಮುರಿದು ನೋಡಿದ. ಕಟಕ್ ಎಂದಿತು. ಒಂದಕ್ಕೂ ತೇವ ತಗಲಿರಲಿಲ್ಲ.

ನಂಬದವರು ನಂಬದಿರಲಿ. ಆ ರೊಟ್ಟಿ ತಿಂದವರು ಇನ್ನೂ ಬದುಕಿದ್ದಾರೆ. ಇದು ನಡೆದದ್ದು.

ಸಮುದ್ರ ಅಲ್ಲಿಂದ ದೂರವಿರಲಿಲ್ಲ. ಮುಮ್ತಾಜ ಅಂದು ಸಮುದ್ರಕ್ಕೆ ಹೋಗಲಿಲ್ಲ. ಪೊಲೀಸ್ ಠಾಣೆಗೆ ಹೋಗಿ ಎರಡು ಹೆಸರು ಬರೆಸುವುದೆಂದು ನಿರ್ಧರಿಸಿದಳು. ಒಂದು ಭರಮಪ್ಪನದು, ಇನ್ನೊಂದು ಹನುಮವ್ವನದು.